ಮೊದಲ ಸಾಲು ಬಾಡಿಗೆ

2024ರ ಡಿಸೆಂಬರ್ 8ರಂದು ಸಿರಿಯಾದಲ್ಲಿ ಅಸಾದ್ ಸರ್ಕಾರ ಬಿತ್ತು. ಅದಾದ ಮೇಲೆ ಜನ ನನಗೆ ಕೇಳುವ ಪ್ರಶ್ನೆ ಬದಲಾಗಿದೆ. ನಾನು ಕೆಲವು ವರ್ಷ ಸಿರಿಯಾದ ಪಕ್ಕದ ಜೋರ್ಡಾನಿನಲ್ಲಿ, ಯುದ್ಧಕ್ಕೆ ಹೆದರಿ ಓಡಿ ಬಂದ ಸಿರಿಯನ್ನರಿದ್ದ ಇರ್ಬಿದ್ ಊರಿನಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದೆ ಅಂತ ಗೊತ್ತಿರುವವರು ಮೊದಲೆಲ್ಲ, "ಕ್ಯಾಂಪ್ ಹೇಗಿತ್ತು? ಟೆಂಟಲ್ಲಿ ಹೇಗೆ ಬದುಕ್ತಾರೆ ಪಾಪ?" ಅಂತ ಕೇಳುತ್ತಿದ್ದರು. ಈಗ ಕೇಳುವುದು, "ಯುದ್ಧ ಮುಗೀತಲ್ವಾ, ಇನ್ನೂ ಯಾಕೆ ಅಲ್ಲೇ ಇದ್ದಾರೆ?" ಅಂತ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಟಿವಿಯಲ್ಲಿ ನೋಡಿದ್ದರಿಂದ ಕೇಳುತ್ತಾರೆ. ಆದರೆ ಎರಡು ಪ್ರಶ್ನೆಗಳೂ ನನಗೆ ಒಂದೇ ಥರ ಚುಚ್ಚುತ್ತವೆ. ಯಾಕೆಂದರೆ ನನಗೆ ಪರಿಚಯವಿದ್ದ ಸಿರಿಯನ್ನರು ಟೆಂಟಿನಲ್ಲಿ ಇರಲಿಲ್ಲ. ಬಾಡಿಗೆ ಮನೆಯಲ್ಲಿದ್ದರು. ತಿಂಗಳಾದರೆ ಓನರ್ ಬಂದು ಬಾಗಿಲು ತಟ್ಟುವ ಮನೆಗಳಲ್ಲಿ.

ಜೋರ್ಡಾನಿನಲ್ಲಿ ಯುಎನ್‌ಎಚ್‌ಸಿಆರ್, ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಹತ್ತಿರ ಹೆಸರು ಬರೆಸಿಕೊಂಡ ಸಿರಿಯನ್ನರು ಬಹಳ ವರ್ಷ ಆರೂವರೆ ಲಕ್ಷದ ಆಸುಪಾಸಿನಲ್ಲಿದ್ದರು. ಹೆಸರು ಬರೆಸದವರನ್ನೂ ಸೇರಿಸಿ 13 ಲಕ್ಷ ಅಂತ ಅಲ್ಲಿನ ಸರ್ಕಾರ ಹೇಳುತ್ತಿತ್ತು. 2015ರ ಜನಗಣತಿಯಲ್ಲಿ ಆ ದೇಶದ ಒಟ್ಟು ಜನರೇ 95 ಲಕ್ಷ. ಹೆಸರು ಬರೆಸಿದವರಲ್ಲಿ ಐದಕ್ಕೆ ನಾಲ್ಕು ಜನ ಕ್ಯಾಂಪಿನ ಹೊರಗೆ, ಅಮ್ಮಾನ್, ಇರ್ಬಿದ್, ಮಫ್ರಕ್, ರಮ್ಥಾದಂಥ ಊರುಗಳಲ್ಲಿ ಇದ್ದರು. ಫೋಟೋದಲ್ಲಿ ನಾವು ನೋಡುವುದು ಮಾತ್ರ ಉಳಿದ ಒಂದು ಪಾಲನ್ನು.

ನಿರಾಶ್ರಿತರಿಗೆ ಏನು ಬೇಕು ಅಂದರೆ ನಾವೆಲ್ಲ ಥಟ್ಟನೆ ಹೇಳುತ್ತೇವೆ: ಊಟ, ಔಷಧಿ, ಮಕ್ಕಳಿಗೆ ಸ್ಕೂಲು. ದುಡ್ಡು ಕೊಡುವ ದೇಶಗಳೂ ಹಾಗೇ ಬೇರೆ ಬೇರೆ ಖಾತೆ ಮಾಡಿ ಕೊಡುತ್ತವೆ. ಊಟದ್ದು ಒಂದು ಸಂಸ್ಥೆ, ಸ್ಕೂಲಿನದು ಇನ್ನೊಂದು. ಆದರೆ ಮನೆಯೊಳಗೆ ಖಾತೆ ಒಂದೇ. ಆ ಒಂದು ಖಾತೆಯನ್ನು ನುಂಗುವುದು ಬಾಡಿಗೆ. ಊಟ ಯಾಕೆ ಕಡಿಮೆಯಾಯಿತು, ಹುಡುಗ ಯಾಕೆ ಸ್ಕೂಲು ಬಿಟ್ಟ, ಹುಡುಗಿಗೆ ಯಾಕೆ ಇಷ್ಟು ಬೇಗ ಮದುವೆಯಾಯಿತು ಅಂತ ಕೇಳುತ್ತಾ ಹೋದರೆ ಎಲ್ಲ ದಾರಿಯೂ ಬಂದು ನಿಲ್ಲುವುದು ಓನರ್ ಮನೆ ಬಾಗಿಲಿಗೆ. ನಾನು ಅಲ್ಲಿ ಕಂಡದ್ದು ಇದನ್ನೇ.

ಒಂದು ನೋಟುಪುಸ್ತಕ

ನಮ್ಮ ಫ್ಯಾಕ್ಟರಿಯ ಚೆಕಿಂಗ್ ಟೇಬಲ್ಲಿಗೆ ಸೇರಿದ್ದ ಒಬ್ಬ ಸಿರಿಯನ್ ಹುಡುಗಿ ಒಂದು ಶುಕ್ರವಾರ ನನ್ನನ್ನು ಮನೆಗೆ ಕರೆದಳು. ಅಲ್ಲಿ ಶುಕ್ರವಾರ ವಾರದ ರಜೆ. ಅವರದು ದರಾ ಕಡೆಯ ಹಳ್ಳಿ. 2011ರ ಮಾರ್ಚಿನಲ್ಲಿ ಅಸಾದ್ ಸರ್ಕಾರದ ವಿರುದ್ಧ ಮೊದಲ ಗಲಾಟೆ ಎದ್ದದ್ದು ಆ ದರಾದಲ್ಲೇ. ಗಡಿಯ ಈಚೆ ರಮ್ಥಾ, ಆಚೆ ದರಾ. ಎರಡೂ ಊರಿಗೆ ಮೊದಲಿನಿಂದ ಹೆಣ್ಣು ಕೊಟ್ಟು ತರುವ ಸಂಬಂಧ, ಮಾತಾಡುವ ಅರಬ್ಬಿಯೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಮೊದಲು ಓಡಿ ಬಂದವರನ್ನು ಕ್ಯಾಂಪಿಗೆ ಕಳಿಸುವ ಮಾತೇ ಇರಲಿಲ್ಲ. ನೆಂಟರ ಮನೆಗೆ ಬಂದ ಹಾಗೆ ಬಂದರು, ಮನೆಯವರೂ ಇಟ್ಟುಕೊಂಡರು. ಒಂದು ತಿಂಗಳು, ಎರಡು ತಿಂಗಳು, ಆಮೇಲೆ ವಾಪಸ್ ಅಂತ ಎರಡೂ ಕಡೆಯವರು ಅಂದುಕೊಂಡಿದ್ದರು.

ಆ ಮನೆ ನೆಲಮಾಳಿಗೆಯಲ್ಲಿತ್ತು. ಒಂದು ರೂಮು, ಒಂದು ಸಣ್ಣ ಅಡುಗೆಮನೆ, ಆರು ಜನ. ಕಿಟಕಿ ಇದ್ದದ್ದು ರಸ್ತೆಯ ಮಟ್ಟಕ್ಕೆ. ಹೊರಗೆ ಓಡಾಡುವವರ ಚಪ್ಪಲಿ, ಬೂಟು ಮಾತ್ರ ಕಾಣುತ್ತಿತ್ತು. ಗೋಡೆಯ ಕೆಳಗಿನ ಅರ್ಧ ಬೂಷ್ಟು ಹಿಡಿದು ಕಪ್ಪಾಗಿತ್ತು. ಅದರ ಮೇಲೆ ಯುಎನ್‌ನವರು ಕೊಟ್ಟ ಬೂದು ಕಂಬಳಿಯನ್ನು ಮೊಳೆ ಹೊಡೆದು ಪರದೆ ಥರ ಕಟ್ಟಿದ್ದರು. ಇರ್ಬಿದ್‌ನ ಚಳಿ ನಮ್ಮ ಕಡೆಯವರು ಅಂದುಕೊಳ್ಳುವ ಮರಳುಗಾಡಿನ ಹವೆಯಲ್ಲ. ಜನವರಿಯಲ್ಲಿ ಮಳೆ, ಗಾಳಿ, ಕೆಲವು ಸಲ ಹಿಮ. ರೂಮಿನ ಮಧ್ಯೆ ಸೀಮೆಎಣ್ಣೆಯ ಒಲೆ ಇತ್ತು, ಅದನ್ನು ಸೋಬಾ ಅಂತಾರೆ. ಸಂಜೆ ಮಕ್ಕಳೆಲ್ಲ ಬಂದ ಮೇಲೆ ಮಾತ್ರ ಹಚ್ಚುತ್ತಿದ್ದರು. ನಾನು ಬಂದೆ ಅಂತ ಅವತ್ತು ಮಧ್ಯಾಹ್ನವೇ ಹಚ್ಚಿದರು. ಬೇಡ ಅಂದರೂ ಕೇಳಲಿಲ್ಲ.

ಅಮ್ಮ ಒಂದು ತಟ್ಟೆಯಲ್ಲಿ ಮಕ್ದೂಸ್ ತಂದಿಟ್ಟರು. ಎಳೇ ಬದನೆಕಾಯಿ ಬೇಯಿಸಿ, ಉಪ್ಪು ಹಾಕಿ ನೀರು ಇಳಿಸಿ, ಒಳಗೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಅಕ್ರೋಟು ತುಂಬಿ, ಆಲಿವ್ ಎಣ್ಣೆಯಲ್ಲಿ ಮುಳುಗಿಸಿಡುವ ತಿನಿಸು. ಸಿರಿಯನ್ನರ ಮನೆಯಲ್ಲಿ ವರ್ಷಕ್ಕಾಗುವಷ್ಟು ಮಾಡಿಡುತ್ತಾರೆ. "ಒಳಗೆ ಅಕ್ರೋಟಿಲ್ಲಮ್ಮ, ಕಡ್ಲೆಬೀಜ ಹಾಕಿದ್ದೀನಿ" ಅಂತ ನಾನು ತಿನ್ನುವ ಮೊದಲೇ ಹೇಳಿಬಿಟ್ಟರು. ತಿಂದ ಮೇಲೆ ಹೇಗೂ ಗೊತ್ತಾಗುತ್ತಿತ್ತು. ಆದರೆ ನನ್ನ ಬಾಯಿಂದ ಆ ಮಾತು ಬರುವುದು ಅವರಿಗೆ ಬೇಕಿರಲಿಲ್ಲ.

ಹುಡುಗಿಯ ಸಂಬಳದ ಮಾತು ಬಂದಾಗ ಅವರು ಒಂದು ನೋಟುಪುಸ್ತಕ ತೆಗೆದರು. ಚಿಕ್ಕ ಮಗನ ಹಳೇ ಲೆಕ್ಕದ ಪುಸ್ತಕ. ಹಿಂದಿನ ಖಾಲಿ ಹಾಳೆಗಳಲ್ಲಿ ತಿಂಗಳು ತಿಂಗಳಿನ ಖರ್ಚು ಬರೆದಿದ್ದರು. ಪ್ರತಿ ಹಾಳೆಯಲ್ಲೂ ಮೊದಲ ಸಾಲು ಬಾಡಿಗೆ, 150. ಕರೆಂಟು 17. ನೀರಿನ ಟ್ಯಾಂಕರ್ 10. ಗ್ಯಾಸ್ ಸಿಲಿಂಡರ್ 7. ಅಪ್ಪನ ಮಾತ್ರೆ 12. ಸಾಲಕ್ಕೆ ಕೊಟ್ಟದ್ದು 20. ಎಲ್ಲ ದಿನಾರ್ ಲೆಕ್ಕ. ಒಂದು ದಿನಾರ್ ಅಂದರೆ 1.41 ಡಾಲರ್, ಆಗಿನ ನಮ್ಮ ದುಡ್ಡಲ್ಲಿ 95 ರೂಪಾಯಿ ಹತ್ತಿರ. ಆಗ ಜೋರ್ಡಾನಿನ ಕನಿಷ್ಠ ವೇತನ 190 ದಿನಾರ್. ಹುಡುಗಿಗೆ ಬರುತ್ತಿದ್ದದ್ದೂ ಅಷ್ಟೇ. ನಾನು ಹಾಳೆ ತಿರುವಿ ನೋಡಿದೆ. ಅನ್ನ, ಬ್ರೆಡ್ಡು, ಎಣ್ಣೆ, ಬೇಳೆಗೆ ಅಂತ ಒಂದು ಸಾಲೂ ಬರೆದಿರಲಿಲ್ಲ. ಯಾಕೆ ಬರೆದಿಲ್ಲ ಅಂತ ಕೇಳಿದೆ. "ಊಟ ಇದರಲ್ಲಿ ಬರಲ್ಲಮ್ಮ. ಇದೆಲ್ಲ ಹೋಗಿ ಉಳಿದದ್ದು ಊಟಕ್ಕೆ" ಅಂದರು. ಗೊಣಗಿಕೊಂಡು ಹೇಳಿದ್ದಲ್ಲ. ನನಗೆ ಲೆಕ್ಕ ಅರ್ಥ ಆಗಲಿ ಅಂತ ಹೇಳಿದ್ದು.

ಊಟಕ್ಕೆ ವಿಶ್ವ ಆಹಾರ ಕಾರ್ಯಕ್ರಮದ ಕಾರ್ಡು ಇತ್ತು. ಪ್ರತಿಯೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಅದರಲ್ಲಿ ದುಡ್ಡು ಬೀಳುತ್ತಿತ್ತು, ಗೊತ್ತು ಮಾಡಿದ ಅಂಗಡಿಯಲ್ಲಿ ಸಾಮಾನು ತರಬಹುದಿತ್ತು. ಆದರೆ ಓನರ್ ಅಕ್ಕಿ ತಗೊಳ್ಳಲ್ಲ, ಅಲ್ವಾ? ಆದ್ದರಿಂದ ಕೆಲವರು ಕಾರ್ಡಿನ ಸಾಮಾನನ್ನು ಮಾರಿ ನಗದು ಮಾಡುತ್ತಿದ್ದರು. ಕೊಳ್ಳುವವನು ಅದರಲ್ಲಿ ಒಂದಿಷ್ಟು ಮುರಿದುಕೊಂಡೇ ಕೊಡುತ್ತಿದ್ದ. ಇದನ್ನು ಮೋಸ ಅಂತ ಬರೆದವರನ್ನು ನಾನು ಓದಿದ್ದೇನೆ. ಬೂಷ್ಟು ಹಿಡಿದ ಗೋಡೆಯ ಪಕ್ಕ ಕೂತು ಆ ಹಾಳೆ ನೋಡಿದವರಿಗೆ ಆ ಮಾತು ಬರುವುದಿಲ್ಲ.

ಆ ಕಾರ್ಡೂ ಗಟ್ಟಿಯಲ್ಲ. 2015ರಲ್ಲಿ ದೇಶಗಳು ಕೊಡುವ ದುಡ್ಡು ಸಾಲದೆ ಮೊದಲು ಕಾರ್ಡಿನ ಮೊತ್ತ ಇಳಿಸಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಜೋರ್ಡಾನಿನ ಊರುಗಳಲ್ಲಿದ್ದ 2,29,000 ಜನರಿಗೆ ಅದು ಪೂರ್ತಿ ನಿಂತಿತು. ಅದೇ ವರ್ಷ ಯುರೋಪಿನ ದಾರಿ ಹಿಡಿದು ಲಕ್ಷಗಟ್ಟಲೆ ಜನ ಹೊರಟರು. ಸಮುದ್ರ ದಾಟುವ ದೋಣಿಗಳನ್ನು ಜಗತ್ತೆಲ್ಲ ನೋಡಿತು. ಅದಕ್ಕೆ ಮುಂಚೆ ಫೋನಿಗೆ ಬಂದ, ನಿಮ್ಮ ನೆರವು ನಿಂತಿದೆ ಅನ್ನುವ ಮೆಸೇಜನ್ನು ನೋಡಿದವರು ಕಡಿಮೆ. ಆಮೇಲೆ ಕಾರ್ಡು ಮತ್ತೆ ಶುರುವಾಯಿತು. 2023ರಲ್ಲಿ ಮತ್ತೆ ಕತ್ತರಿ ಬಿತ್ತು. ಕ್ಯಾಂಪಿನಲ್ಲಿದ್ದವರಿಗೂ ತಲೆಗೆ 23 ದಿನಾರ್ ಇದ್ದದ್ದು 15ಕ್ಕೆ ಇಳಿಯಿತು.

ಆಸ್ಪತ್ರೆಯದೂ ಇದೇ ಕಥೆ. ಮೊದಲು ಸರ್ಕಾರಿ ಆಸ್ಪತ್ರೆ ಸಿರಿಯನ್ನರಿಗೆ ಉಚಿತವಾಗಿತ್ತು. 2014ರ ಕೊನೆಗೆ, ವಿಮೆ ಇಲ್ಲದ ಜೋರ್ಡಾನಿಯರು ಕೊಡುವಷ್ಟೇ ಕೊಡಿ ಅಂದರು. 2018ರಲ್ಲಿ ವಿದೇಶಿಯರು ಕೊಡುವುದರಲ್ಲಿ ನೂರಕ್ಕೆ 80 ಕೊಡಿ ಅಂದರು. 2019ರಲ್ಲಿ ಮತ್ತೆ ಹಳೇ ದರಕ್ಕೆ ತಂದರು. ಹೆರಿಗೆಗೆ ದಿನ ಹತ್ತಿರವಿದ್ದ ಮನೆಯಲ್ಲಿ ಈ ಏರಿಳಿತ ಅಂದರೆ ಆ ತಿಂಗಳ ಬಾಡಿಗೆ ನಿಂತಂತೆ.

ಇನ್ನು ಆ ಮನೆಯ ಹುಡುಗರ ವಿಷಯ. ದೊಡ್ಡವನು ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ಡಬ್ಬ ಇಳಿಸಿ, ಮಧ್ಯಾಹ್ನ ಸ್ಕೂಲಿಗೆ ಹೋಗುತ್ತಿದ್ದ. ಜೋರ್ಡಾನ್ ಸರ್ಕಾರ ಸುಮಾರು 200 ಶಾಲೆಗಳಲ್ಲಿ ಎರಡು ಪಾಳಿ ನಡೆಸುತ್ತಿತ್ತು. ಬೆಳಿಗ್ಗೆ ಆ ದೇಶದ ಮಕ್ಕಳಿಗೆ, ಮಧ್ಯಾಹ್ನ ಸಿರಿಯನ್ ಮಕ್ಕಳಿಗೆ. ಇಷ್ಟು ಸಣ್ಣ ದೇಶ, ಇಷ್ಟು ಮಕ್ಕಳಿಗೆ ಜಾಗ ಮಾಡಿಕೊಟ್ಟದ್ದು ದೊಡ್ಡ ಮಾತು, ಅದನ್ನು ಹೇಳಲೇಬೇಕು. ಆದರೆ ಮಧ್ಯಾಹ್ನದ ಪಾಳಿ ಅಂದರೆ ಪಾಠದ ಅವಧಿ ಚಿಕ್ಕದು, ಚಳಿಗಾಲದಲ್ಲಿ ಮಕ್ಕಳು ಮನೆ ಮುಟ್ಟುವಾಗ ಕತ್ತಲು. ಹೆಣ್ಣುಮಕ್ಕಳ ಸ್ಕೂಲು ಅಲ್ಲೇ ನಿಲ್ಲುತ್ತಿತ್ತು. ಜೋರ್ಡಾನಿನಲ್ಲಿ ನೋಂದಣಿಯಾದ ಸಿರಿಯನ್ನರ ಮದುವೆಗಳಲ್ಲಿ 18 ತುಂಬದ ಹುಡುಗಿಯರದು 2011ರಲ್ಲಿ ನೂರಕ್ಕೆ 12 ಇತ್ತು. 2014ರ ಹೊತ್ತಿಗೆ 32ರ ಹತ್ತಿರ ಬಂತು. ಊರಿನಲ್ಲೂ ಈ ಪದ್ಧತಿ ಇತ್ತು ಅಂತ ಹೇಳುವವರಿದ್ದಾರೆ. ಇತ್ತು, ನಿಜ. ಆದರೆ ಮೂರು ವರ್ಷದಲ್ಲಿ ಪದ್ಧತಿ ಇಷ್ಟು ಬೆಳೆಯುವುದಿಲ್ಲ. ಒಂದೇ ರೂಮಿನಲ್ಲಿ ಆರೇಳು ಜನ, ಮೇಲೆ ಸಾಲ. ಆಗ ಮಗಳನ್ನು ಒಂದು ಮನೆ ಸೇರಿಸಿದರೆ ಸಾಕು ಅನಿಸುತ್ತದೆ.

ಕ್ಯಾಂಪು ಬಿಟ್ಟು ಬಂದದ್ದೇಕೆ

"ಬಾಡಿಗೆ ಕಷ್ಟ ಅಂದರೆ ಕ್ಯಾಂಪಿಗೆ ಹೋಗಬಹುದಲ್ವಾ? ಅಲ್ಲಿ ಎಲ್ಲಾ ಫ್ರೀ." ಇದನ್ನೂ ಕೇಳುತ್ತಾರೆ.

ಮಫ್ರಕ್ ಹತ್ತಿರದ ಝಾತಾರಿ ಕ್ಯಾಂಪು 2012ರ ಜುಲೈನಲ್ಲಿ ಶುರುವಾಯಿತು. ಒಂದು ವರ್ಷದೊಳಗೆ ಒಂದು ಲಕ್ಷ ದಾಟಿತು. ಆಮೇಲೆ ಇಳಿದು 80,000ದ ಸುತ್ತಮುತ್ತ ವರ್ಷಗಟ್ಟಲೆ ನಿಂತಿತು. ಟೆಂಟುಗಳು ಹೋಗಿ ತಗಡಿನ ಕ್ಯಾರವಾನುಗಳು ಬಂದವು. ಅಲ್ಲಿಯ ಮುಖ್ಯ ರಸ್ತೆಯಲ್ಲಿ ಸಿರಿಯನ್ನರೇ ಅಂಗಡಿ ಹಾಕಿಕೊಂಡರು. ಮದುವೆ ಗೌನು ಬಾಡಿಗೆಗೆ ಕೊಡುವ ಅಂಗಡಿ, ಸೈಕಲ್ ರಿಪೇರಿ, ಫಲಾಫಲ್, ಮೊಬೈಲ್ ಎಲ್ಲವೂ. 2017ರಲ್ಲಿ ಜರ್ಮನಿಯ ದುಡ್ಡಿನಲ್ಲಿ 12.9 ಮೆಗಾವ್ಯಾಟಿನ ಸೋಲಾರ್ ಘಟಕ ಬಂದ ಮೇಲೆ ದಿನಕ್ಕೆ 12ರಿಂದ 14 ಗಂಟೆ ಕರೆಂಟು ಸಿಗುವಂತಾಯಿತು. ಸಾಮಾನು ಕೊಳ್ಳುವಾಗ ಕಾರ್ಡೂ ಬೇಡ. ಅಂಗಡಿಯ ಯಂತ್ರದ ಮುಂದೆ ಕಣ್ಣು ಇಟ್ಟರೆ ಸಾಕು, ಅವರ ಖಾತೆಯಿಂದ ದುಡ್ಡು ಮುರಿದುಕೊಳ್ಳುತ್ತದೆ. ಬರುವ ವಿದೇಶಿ ಅತಿಥಿಗಳಿಗೆಲ್ಲ ಇದನ್ನು ತೋರಿಸುತ್ತಾರೆ.

ಆದರೂ ಲಕ್ಷಾಂತರ ಜನ ಅಲ್ಲಿಂದ ಹೊರಬಿದ್ದರು. ಹೊರಗೆ ಹೋಗಲು ಪಾಸು ಬೇಕು. ಒಳಗೆ ಎಲ್ಲರಿಗೂ ಆಗುವಷ್ಟು ಕೆಲಸವಿಲ್ಲ. ಬೇಸಿಗೆಯಲ್ಲಿ ಧೂಳಿನ ಗಾಳಿ, ಮಳೆಗಾಲದಲ್ಲಿ ಕ್ಯಾರವಾನಿನ ಅಡಿಗೆ ನೀರು. ಮೊದಲ ವರ್ಷಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಕಡೆ ಪಾಯಿಖಾನೆ, ರಾತ್ರಿ ಅಲ್ಲಿಗೆ ಹೋಗಲು ಹೆಂಗಸರಿಗೆ ಹೆದರಿಕೆ. ಈ ಎಲ್ಲಕ್ಕಿಂತ ದೊಡ್ಡದು ಒಂದಿತ್ತು. ನಾನು ಮಾತಾಡಿಸಿದ ಗಂಡಸರಲ್ಲಿ ಹೆಚ್ಚಿನವರು ಗಾರೆ ಕೆಲಸ, ಟೈಲ್ಸ್ ಕೆಲಸ, ಟೊಮೇಟೊ ಬೆಳೆ ಗೊತ್ತಿದ್ದವರು. ಬೆಳಿಗ್ಗೆ ಎದ್ದು ಎಲ್ಲಿಗೂ ಹೋಗದೆ ಕೂರುವುದು ಅವರಿಗೆ ಸಾಧ್ಯವಿರಲಿಲ್ಲ. ಬಾಡಿಗೆ ಕೊಡುವುದೇ ಆದರೂ ಸರಿ, ಹೊರಗೆ ಇರೋಣ ಅಂತ ಬಂದರು.

ಹಾಗೆ ಹೊರಬರುವುದಕ್ಕೂ ನಿಯಮ ಇತ್ತು. 35 ದಾಟಿದ, ಮದುವೆಯಾದ, ಸಂಬಂಧಿಕನಾದ ಜೋರ್ಡಾನಿ ಒಬ್ಬ ಜಾಮೀನು ಕೊಡಬೇಕಿತ್ತು. 2015ರ ಆರಂಭದಲ್ಲಿ ಆ ದಾರಿಯನ್ನೂ ಮುಚ್ಚಿದರು. ಜಾಮೀನಿಲ್ಲದೆ ಬಂದವರಿಗೆ ಕಾಗದ ಇಲ್ಲ. ಕಾಗದ ಇಲ್ಲದವರಿಗೆ ಸ್ಕೂಲು, ಆಸ್ಪತ್ರೆ, ನೆರವು ಯಾವುದೂ ಸಲೀಸಲ್ಲ. ಇದ್ದವರಿಗೂ 2015ರಲ್ಲಿ ಗೃಹ ಇಲಾಖೆಯ ಹೊಸ ಕಾರ್ಡು ಮಾಡಿಸಿಕೊಳ್ಳಿ ಅಂದರು. ಅದಕ್ಕೆ ವಿಳಾಸದ ದಾಖಲೆ ಬೇಕು, ಅಂದರೆ ಸೀಲು ಬಿದ್ದ ಬಾಡಿಗೆ ಕರಾರು, ಜೊತೆಗೆ ಓನರ್‌ನ ಗುರುತಿನ ಚೀಟಿಯ ನಕಲು. ಎಷ್ಟೋ ಮನೆಗಳು ಬಾಯಿಮಾತಿನ ಬಾಡಿಗೆಗೆ ನಡೆಯುತ್ತಿದ್ದವು. ಕರಾರು ನೋಂದಾಯಿಸಿದರೆ ತೆರಿಗೆ ಬರುತ್ತದೆ ಅಂತ ಓನರ್‌ಗಳಿಗೆ ಮನಸ್ಸಿರಲಿಲ್ಲ. ಯುಎನ್‌ಎಚ್‌ಸಿಆರ್ ವಿಳಾಸಕ್ಕೆ ಬೇರೆ ಪತ್ರ ಕೊಡುವ ವ್ಯವಸ್ಥೆ ಮಾಡಿತು ಅನ್ನಿ. ಆದರೂ ದೇಶದಲ್ಲಿ ನೆಟ್ಟಗೆ ಇರುವುದಕ್ಕೇ ಮೊದಲು ಓನರ್‌ನ ಮರ್ಜಿ ಬೇಕು ಅನ್ನುವ ಸ್ಥಿತಿ ಬಂತು. ಅಂಥ ಓನರ್ ಎದುರು ಬೂಷ್ಟಿನ ಮಾತು, ಸೋರುವ ಕೊಳಾಯಿ ಮಾತು ಎತ್ತುವವರು ಯಾರು?

ಬಸ್ಸು ಬಂತು, ಜನ ಬರಲಿಲ್ಲ

ಈಗ ನನ್ನ ಕೆಲಸಕ್ಕೆ ಸಂಬಂಧಿಸಿದ ಮಾತು. 2016ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ದೊಡ್ಡ ಸಭೆಯಾಯಿತು. ಜೋರ್ಡಾನ್ ಎರಡು ಲಕ್ಷ ಸಿರಿಯನ್ನರಿಗೆ ಕೆಲಸದ ಅವಕಾಶ ಕೊಡುವುದು, ಬದಲಿಗೆ ಸಾಲ, ಅನುದಾನ ಸಿಗುವುದು ಅಂತ ಒಪ್ಪಂದ. ಅದರ ಜೊತೆಗೆ ಜುಲೈನಿಂದ ಯುರೋಪಿಯನ್ ಒಕ್ಕೂಟ ಇನ್ನೊಂದು ಬಾಗಿಲು ತೆರೆಯಿತು. ಗೊತ್ತು ಮಾಡಿದ 18 ಕೈಗಾರಿಕಾ ವಲಯಗಳಲ್ಲಿ, ನೂರಕ್ಕೆ 15 ಜನ ಸಿರಿಯನ್ನರನ್ನು ಇಟ್ಟುಕೊಂಡ ಫ್ಯಾಕ್ಟರಿಗಳ ಮಾಲು ಸಡಿಲ ನಿಯಮದಲ್ಲಿ ಯುರೋಪಿಗೆ ಹೋಗಬಹುದು. ಕಾಗದದ ಮೇಲೆ ಬಹಳ ಒಳ್ಳೆಯ ಯೋಜನೆ. ಎಲ್ಲರ ಕಣ್ಣೂ ಗಾರ್ಮೆಂಟ್ಸ್ ಮೇಲೆ ಬಿತ್ತು.

ಜೋರ್ಡಾನಿನ ಗಾರ್ಮೆಂಟ್ಸ್‌ನಲ್ಲಿ ಕೆಲಸಗಾರರು ಮುಕ್ಕಾಲು ಪಾಲು ಹೊರಗಿನವರು. ಬಾಂಗ್ಲಾದೇಶದ ಹೆಣ್ಣುಮಕ್ಕಳೇ ಹೆಚ್ಚು, ಆಮೇಲೆ ಶ್ರೀಲಂಕಾ, ನೇಪಾಳ, ನಮ್ಮ ಭಾರತದವರು. ನಾನು ಪೀಣ್ಯದಲ್ಲಿ ಕಲಿತ ಕೆಲಸವನ್ನು ಅಲ್ಲಿ ಕಲಿಸಲು ಹೋಗಿದ್ದವಳು. ಹೊಸಬರಿಗೆ ಮಷೀನು ತೋರಿಸಿ, ಒಂದೊಂದು ಆಪರೇಷನ್ ಕಲಿಸಿ, ಲೈನಿಗೆ ಕಳಿಸುವುದು ನನ್ನ ಪಾಲಿಗೆ ಬಂದದ್ದು.

ಸಿರಿಯನ್ ಹೆಂಗಸರ ಮೊದಲ ಬ್ಯಾಚು ಬಂದ ದಿನ ಚೆನ್ನಾಗಿ ನೆನಪಿದೆ. ಫ್ಯಾಕ್ಟರಿ ಬಸ್ಸು ಹೆಚ್ಚುಕಡಿಮೆ ಖಾಲಿಯಾಗಿ ಬಂತು. ಇಳಿದವರು ಕೆಲವೇ ಮಂದಿ, ಕೈಯಲ್ಲಿ ಮನೆಯಿಂದ ತಂದ ಬುತ್ತಿ. ಅವರಲ್ಲಿ ಸಿರಿಯಾದ ಹೋಮ್ಸ್ ಊರಿನ ಕಡೆಯ ಒಬ್ಬ ಹೆಂಗಸು, ನಲವತ್ತರ ಮೇಲಿದ್ದಳು, ಮಷೀನಿನ ಮುಂದೆ ಕೂತ ರೀತಿಗೇ ನನಗೆ ಗೊತ್ತಾಯಿತು. ದಾರ ಪೋಣಿಸಿದ್ದು, ಬಾಬಿನ್ ಹಾಕಿದ್ದು, ಬಟ್ಟೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದ್ದು, ಎಲ್ಲ ಪಳಗಿದ ಕೈ. ಊರಲ್ಲಿ ಮದುವೆ ಬಟ್ಟೆ ಹೊಲಿಯುತ್ತಿದ್ದಳಂತೆ. ಅಳತೆ ತೆಗೆದು, ಕಟ್ ಮಾಡಿ, ಕಸೂತಿ ಹಾಕಿ, ಪೂರ್ತಿ ಒಬ್ಬಳೇ. ನಮ್ಮ ಲೈನಿನಲ್ಲಿ ಅವಳಿಗೆ ಸಿಕ್ಕಿದ್ದು ಪ್ಯಾಂಟಿನ ಒಳ ಹೊಲಿಗೆ. ಒಂದೇ ಹೊಲಿಗೆ, ದಿನವಿಡೀ, ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್. ಆ ಟಾರ್ಗೆಟ್ ಕಟ್ಟಿದ್ದು ಡಾರ್ಮಿಟರಿಯಲ್ಲಿ ಇದ್ದುಕೊಂಡು, ಮನೆ ಮಕ್ಕಳ ಯೋಚನೆ ದೂರದೇಶದಲ್ಲಿ ಬಿಟ್ಟು, ಓಟಿ ಮಾಡಿ ದುಡ್ಡು ಕಳಿಸಲೆಂದೇ ಬಂದ ಹುಡುಗಿಯರ ವೇಗಕ್ಕೆ. ಮಧ್ಯಾಹ್ನ ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕಾದ ತಾಯಿ ಆ ವೇಗಕ್ಕೆ ಹೇಗೆ ಬರುತ್ತಾಳೆ? ಕೆಲವು ವಾರ ಬಂದಳು. ಆಮೇಲೆ ನಿಲ್ಲಿಸಿದಳು.

ನಮ್ಮ ಆಫೀಸಿನಲ್ಲಿ, "ಕೂತು ತಿನ್ನೋದು ಅಭ್ಯಾಸ ಆಗಿದೆ, ಕೆಲಸ ಎಲ್ಲಿ ಮಾಡ್ತಾರೆ" ಅಂತ ಮಾತಾಡಿದವರಿದ್ದರು. ನಾನು ಅವಳ ಲೆಕ್ಕ ಕೇಳಿದ್ದೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಕತ್ತಲಿಗೆ. ಚಿಕ್ಕ ಮಗುವನ್ನು ನೋಡಿಕೊಳ್ಳಲು ಪಕ್ಕದ ಮನೆಯವಳಿಗೆ ದುಡ್ಡು. ಸಂಬಳದ ಕಾಗದ ಕೈಗೆ ಬಂದರೆ ಯುಎನ್ ಕೊಡುವ ನಗದು ನಿಂತುಬಿಡುತ್ತದೇನೋ ಅನ್ನುವ ಭಯ. ಅದು ದೊಡ್ಡ ಭಯ. ಯಾಕೆಂದರೆ ಆ ನಗದು, ಕುಟುಂಬದ ತಲೆ ನೋಡಿ 80ರಿಂದ 155 ದಿನಾರ್ ತನಕ ಬರುತ್ತಿದ್ದದ್ದು, ನೇರ ಓನರ್ ಕೈಗೆ ಹೋಗುತ್ತಿತ್ತು. ಬ್ಯಾಂಕಿನ ಎಟಿಎಂನಲ್ಲಿ ಕಣ್ಣು ತೋರಿಸಿ ತೆಗೆಯುವುದು, ತಂದು ಓನರ್‌ಗೆ ಕೊಡುವುದು. ಕೆಲಸ ಇವತ್ತು ಇದ್ದು ನಾಳೆ ಹೋದರೆ ಆ ನಗದಿಗೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಎರಡು ತಿಂಗಳ ಬಾಡಿಗೆ ಬಾಕಿಯಾಗಿರುತ್ತದೆ. ಪೀಣ್ಯದ ವಠಾರಗಳಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದೇ ರೀತಿ ಬೆರಳು ಮಡಚಿ ಲೆಕ್ಕ ಹಾಕುವುದನ್ನು ನಾನು ನೋಡಿ ಬಂದವಳು. ಸೋಮಾರಿತನಕ್ಕೂ ಆ ಲೆಕ್ಕಕ್ಕೂ ಏನೂ ಸಂಬಂಧವಿಲ್ಲ.

ಕೆಲಸಕ್ಕೆ ಕೊಟ್ಟ ಪರ್ಮಿಟ್‌ಗಳು ಪೂರ್ತಿ ಸೋತವು ಅಂತಲ್ಲ. ಹೊಲಗಳಲ್ಲಿ, ಕಟ್ಟಡ ಕೆಲಸದಲ್ಲಿ ಗಂಡಸರು ಪರ್ಮಿಟ್ ತಗೊಂಡರು. ಪೊಲೀಸರು ಹಿಡಿದು ಕ್ಯಾಂಪಿಗೆ ಸಾಗಿಸುವ ಭಯ ಕಡಿಮೆಯಾಯಿತು, ಅದೇ ದೊಡ್ಡ ಲಾಭ. 2021ರಲ್ಲಿ 62,000 ಪರ್ಮಿಟ್ ಕೊಟ್ಟರು, ಅಲ್ಲಿಯವರೆಗೆ ಅದೇ ಅತಿ ಜಾಸ್ತಿ. ಹೆಂಗಸರ ಪಾಲು ಮಾತ್ರ ಬಹಳ ಕಡಿಮೆ ಉಳಿಯಿತು. ವೈದ್ಯರು, ಎಂಜಿನಿಯರುಗಳು, ಮೇಷ್ಟ್ರುಗಳು, ಡ್ರೈವರುಗಳಿಗೆ ಬಾಗಿಲು ಮುಚ್ಚಿಯೇ ಇತ್ತು. ಆ ಕೆಲಸಗಳು ಜೋರ್ಡಾನಿಯರಿಗೆ ಮೀಸಲು. ನಿರುದ್ಯೋಗ ಇರುವ ದೇಶ ತನ್ನವರಿಗೆ ಕೆಲಸ ಕಾಯ್ದಿಡುವುದನ್ನು ನಾನು ತಪ್ಪು ಅನ್ನಲಾರೆ. ಆದರೆ ಎರಡು ಲಕ್ಷ ಅನ್ನುವ ಅಂಕಿಯನ್ನು ಕೂತು ಬರೆದವರು ಒಬ್ಬ ಸಿರಿಯನ್ ಹೆಂಗಸನ್ನು, ನಿನಗೆ ಯಾವ ಕೆಲಸ ಗೊತ್ತು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು ಅಂತ ಕೇಳಿದ್ದರೆ ಆ ಬಸ್ಸು ಖಾಲಿ ಓಡುತ್ತಿರಲಿಲ್ಲ. ಹೋಮ್ಸ್‌ನ ಆ ಹೆಂಗಸು ಮನೆಯಲ್ಲೇ ಒಂದು ಮಷೀನು ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿಯಲು ಶುರುಮಾಡಿದಳು. ನನ್ನ ಒಂದು ಕೋಟ್‌ಗೂ ಅವಳೇ ಲೈನಿಂಗ್ ಬಟ್ಟೆ ಹಾಕಿಕೊಟ್ಟಳು. ಆ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ.

ಮೇಲಿನ ಮಹಡಿ

ಓನರ್‌ಗಳನ್ನು ಬೈಯುವುದು ಸುಲಭ. ದುಡ್ಡು ಮಾಡಿಕೊಂಡವರು ಇದ್ದರು, ಸುಳ್ಳಲ್ಲ. ಮಫ್ರಕ್‌ನಲ್ಲಿ ಬಾಡಿಗೆ ಎರಡು ಮೂರು ಪಟ್ಟಾಯಿತು. ಅದರ ಏಟು ಸ್ಥಳೀಯ ಬಡವರಿಗೂ ಬಿತ್ತು. ಮನೆ ಸಿಗದೆ ಮದುವೆ ಮುಂದೂಡಿದ ಜೋರ್ಡಾನಿ ಹುಡುಗರು ನಮ್ಮ ಫ್ಯಾಕ್ಟರಿಯಲ್ಲೇ ಇದ್ದರು. ಅವರಲ್ಲಿ ಒಬ್ಬ ಸಿರಿಯನ್ನರ ಮೇಲೆ ಸಿಟ್ಟು ಕಾರುತ್ತಿದ್ದ. ಅವನ ಸಿಟ್ಟಿನ ಹಿಂದೆ ಇದ್ದದ್ದೂ ಬಾಡಿಗೆಯೇ.

ಆದರೆ ಆ ನೆಲಮಾಳಿಗೆಯ ಓನರ್ ಅಂಥವರಲ್ಲ. ರಿಟೈರ್ ಆದ ಸರ್ಕಾರಿ ನೌಕರ, ಪಿಂಚಣಿಯಲ್ಲಿ ಸಂಸಾರ. ಮೂರು ತಿಂಗಳು ಬಾಡಿಗೆ ಬರದಿದ್ದಾಗಲೂ ಹೊರಗೆ ಹಾಕಲಿಲ್ಲ. ರಂಜಾನ್‌ನಲ್ಲಿ ಅಡುಗೆ ಕಳಿಸುತ್ತಿದ್ದರು. ನಾಲ್ಕನೇ ತಿಂಗಳು ಬಂದು, ತಲೆ ತಗ್ಗಿಸಿಕೊಂಡು, "ನನ್ನ ಮಗನ ಫೀಸು ಕಟ್ಟಬೇಕಮ್ಮ" ಅಂದರಂತೆ. ಅಮ್ಮ ತಮ್ಮ ಮದುವೆಯ ಬಳೆ ಮಾರಿ ಕೊಟ್ಟರು. ಒಬ್ಬ ಬಡವ ಇನ್ನೊಬ್ಬ ಬಡವನಿಗೆ ಎಷ್ಟು ದಿನ ಆಸರೆ ಕೊಟ್ಟಾನು?

ಇರ್ಬಿದ್‌ನಲ್ಲಿ ಎಲ್ಲಿ ನೋಡಿದರೂ ಮನೆಗಳ ಮೇಲೆ ಕಬ್ಬಿಣದ ಸರಳು ಎದ್ದು ನಿಂತಿರುತ್ತದೆ. ಮಗ ದೊಡ್ಡವನಾದಾಗ ಮೇಲೆ ಒಂದು ಮಹಡಿ ಏರಿಸೋಣ ಅಂತ ಬಿಟ್ಟದ್ದು. ಗೋಡೆ ಎದ್ದು, ಕಿಟಕಿ ಬಾಗಿಲಿಲ್ಲದೆ, ದುಡ್ಡಿಲ್ಲದೆ ನಿಂತ ಮಹಡಿಗಳೂ ಬೇಕಾದಷ್ಟು. 2013ರಿಂದ ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್ ಅನ್ನುವ ಸಂಸ್ಥೆ ಅಲ್ಲಿ ಒಂದು ಕೆಲಸ ಮಾಡಿತು. ಅರ್ಧಕ್ಕೆ ನಿಂತ ಮಹಡಿ ಮುಗಿಸಲು ಓನರ್‌ಗೆ ದುಡ್ಡು ಕೊಡುವುದು. ಬದಲಿಗೆ ಒಂದು ಸಿರಿಯನ್ ಕುಟುಂಬ ಅಲ್ಲಿ ಒಂದರಿಂದ ಎರಡು ವರ್ಷ ಬಾಡಿಗೆ ಇಲ್ಲದೆ ಇರುವುದು. ನನಗೆ ಗೊತ್ತಿರುವ ನೆರವುಗಳಲ್ಲಿ ಇಷ್ಟು ಬುದ್ಧಿವಂತಿಕೆಯದು ಇನ್ನೊಂದಿಲ್ಲ. ಊರಿನವನಿಗೆ ಮಹಡಿ ಉಳಿಯಿತು, ಮೇಸ್ತ್ರಿಗೆ ಕೆಲಸ ಸಿಕ್ಕಿತು, ಬಂದವರಿಗೆ ಕರಾರಿನ ಕಾಗದ ಸಿಕ್ಕಿತು.

ನಮ್ಮ ಚೆಕಿಂಗ್ ಹುಡುಗಿಯ ಮನೆಯವರಿಗೂ ಆಮೇಲೆ ಅಂಥ ಒಂದು ಮಹಡಿ ಸಿಕ್ಕಿತು. ನಾನು ಅಲ್ಲಿಗೂ ಹೋಗಿದ್ದೆ. ಹೊಸ ಸಿಮೆಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಎರಡು ರೂಮು, ಎರಡಕ್ಕೂ ಬಿಸಿಲು. ದೊಡ್ಡ ಹುಡುಗ ತರಕಾರಿ ಅಂಗಡಿ ಬಿಟ್ಟಿದ್ದ. ಅವನಿಗೆ ಯಾರೂ ಬುದ್ಧಿ ಹೇಳಿರಲಿಲ್ಲ, ಬಾಲಕಾರ್ಮಿಕ ಕಾಯ್ದೆಯವರು ಬಂದಿರಲಿಲ್ಲ. 150 ದಿನಾರ್ ಉಳಿದಿತ್ತು, ಅಷ್ಟೇ. ಅಮ್ಮ ಮತ್ತೆ ಮಕ್ದೂಸ್ ಕೊಟ್ಟರು. ಒಳಗೆ ಅಕ್ರೋಟಿತ್ತು.

ಕರಾರು ಮುಗಿದ ಮೇಲೆ ಅದೇ ಮನೆಗೆ ಬಾಡಿಗೆ ಕೊಡುತ್ತಾ ಉಳಿದರು. ಹುಡುಗ ಸ್ಕೂಲು ಮುಗಿಸಿದನೋ ಇಲ್ಲವೋ, ಟೈಲ್ಸ್ ಕೆಲಸಕ್ಕೆ ಹೋದ.

ಹೋಗುವುದು ಎಲ್ಲಿಗೆ

ಅಸಾದ್ ಬಿದ್ದ ಮೇಲೆ ಹೋದವರು ಕಡಿಮೆ ಏನಲ್ಲ. 2025ರ ಸೆಪ್ಟೆಂಬರ್ ಹೊತ್ತಿಗೆ ಬೇರೆ ಬೇರೆ ದೇಶಗಳಿಂದ ಹತ್ತು ಲಕ್ಷ ಸಿರಿಯನ್ನರು ವಾಪಸ್ ಹೋಗಿದ್ದರು. ಜೋರ್ಡಾನಿನಿಂದಲೇ ಲಕ್ಷಕ್ಕೂ ಮೀರಿ. "ಯಾಕೆ ಹೋಗಲ್ಲ" ಅಂತ ಕೇಳುವವರು ಈ ಅಂಕಿಯನ್ನೂ ನೋಡಬೇಕು. ಮೊದಲು ಹೋದವರು ಊರಲ್ಲಿ ಮನೆ ಬೀಳದೆ ಉಳಿದಿದ್ದವರು, ಅಥವಾ ಅಲ್ಲಿ ಅಣ್ಣತಮ್ಮಂದಿರ ಮನೆ ಇದ್ದವರು. ಜೋರ್ಡಾನಿನಲ್ಲಿ ಬಾಡಿಗೆ ಕಟ್ಟಲಾಗದೆ ಸೋತು ಹೊರಟವರೂ ಇದ್ದಾರೆ.

ಆ ಹುಡುಗಿ ಈಗ ಎರಡು ಮಕ್ಕಳ ತಾಯಿ. ವಾಟ್ಸಾಪಿನಲ್ಲಿ ಆಗಾಗ ಮಾತಾಡುತ್ತಾಳೆ. ಅವಳ ಚಿಕ್ಕಪ್ಪ ಊರಿಗೆ ಹೋಗಿ, ಅವರ ಮನೆಯ ವಿಡಿಯೋ ಮಾಡಿ ಕಳಿಸಿದ್ದರು. ನನಗೂ ತೋರಿಸಿದಳು. ಗೋಡೆ ಇದೆ. ಛಾವಣಿ ಒಂದು ಕಡೆ ಕುಸಿದಿದೆ. ಬಾಗಿಲು, ಕಿಟಕಿ, ಗೋಡೆಯೊಳಗಿನ ವೈರು, ಪೈಪು, ನೆಲದ ಟೈಲ್ಸು, ಯಾವುದೂ ಇಲ್ಲ. ಎಲ್ಲ ಕಿತ್ತು ಒಯ್ದಿದ್ದಾರೆ. ಅಪ್ಪ ಕೈಯಾರೆ ಹಾಕಿದ್ದ ಟೈಲ್ಸು. ಅದನ್ನು ಸರಿಮಾಡುವ ತನಕ ಅಲ್ಲೇ ಊರಿನಲ್ಲಿ ಬಾಡಿಗೆ ಮನೆ ಹಿಡಿಯಬೇಕು. ಎಲ್ಲರೂ ಒಟ್ಟಿಗೆ ವಾಪಸ್ ಬರುತ್ತಿರುವುದರಿಂದ ಅಲ್ಲೂ ಬಾಡಿಗೆ ಏರಿದೆ. ಅಪ್ಪ ಮೊದಲು ಹೋಗಿ ಛಾವಣಿ ಹಾಕಿಸಿ, ಉಳಿದವರು ಆಮೇಲೆ ಹೋಗೋಣ ಅಂದರೆ ಎರಡು ಕಡೆ ಬಾಡಿಗೆ. ಹೋಗಿ ನೋಡಿ, ಆಗದಿದ್ದರೆ ಬರೋಣ ಅನ್ನುವ ಹಾಗೂ ಇಲ್ಲ. ನಿರಾಶ್ರಿತರಾಗಿ ಹೆಸರು ಬರೆಸಿದವರು ಒಮ್ಮೆ ಗಡಿ ದಾಟಿದರೆ ಜೋರ್ಡಾನಿಗೆ ಮತ್ತೆ ಬರುವುದು ಸುಲಭವಲ್ಲ. ತುರ್ಕಿ ಒಂದು ಒಳ್ಳೆಯ ಕೆಲಸ ಮಾಡಿತು. 2025ರ ಜನವರಿಯಿಂದ ಜುಲೈ ತನಕ ಕುಟುಂಬದ ಒಬ್ಬರು ಮೂರು ಸಲದವರೆಗೆ ಹೋಗಿ ನೋಡಿಕೊಂಡು ಬರಬಹುದು ಅಂತ ಬಿಟ್ಟಿತು. ಅದನ್ನು ಎಲ್ಲ ದೇಶಗಳೂ ಮಾಡಬೇಕಿತ್ತು, ಇನ್ನೂ ಮಾಡಬಹುದು.

ಯುಎನ್‌ಎಚ್‌ಸಿಆರ್ ಜೋರ್ಡಾನಿನಿಂದ ಗಡಿಯಾಚೆಗೆ ಬಸ್ಸು ಬಿಟ್ಟಿದೆ. ಅದು ಬೇಕು. ಆದರೆ ಬಸ್ಸಿನ ಟಿಕೆಟ್ಟಿಗಾಗಿ ನಿಂತವರು ಕಡಿಮೆ. ಈ ಕುಟುಂಬಕ್ಕೆ ಬೇಕಿರುವುದು ಒಂದು ಛಾವಣಿಯ ದುಡ್ಡು, ಅದು ಏಳುವ ತನಕ ಇರ್ಬಿದ್ ಮನೆಯ ಬಾಡಿಗೆ, ಅಪ್ಪನಿಗೆ ಹೋಗಿ ಬರುವ ಪರವಾನಗಿ. ಅಮೆರಿಕ ನೆರವು ಕತ್ತರಿಸಿದ ಮೇಲೆ 2025ರಲ್ಲಿ ಯುಎನ್‌ಎಚ್‌ಸಿಆರ್ ಎಲ್ಲ ಕಡೆ ಸಿಬ್ಬಂದಿಯನ್ನೇ ಇಳಿಸಿತು. ವಾಪಸ್ ಹೋಗಲು ಎಲ್ಲಕ್ಕಿಂತ ಜಾಸ್ತಿ ದುಡ್ಡು ಬೇಕಾದ ವರ್ಷದಲ್ಲೇ ಹೀಗಾಯಿತು.

ಹೋದ ತಿಂಗಳು ಮಾತಾಡಿದಾಗ ಅವಳು, ಓನರ್ ಹತ್ತಿರ ಮೂರು ತಿಂಗಳ ವಾಯಿದೆ ಕೇಳಿದ್ದೇವೆ ಅಂದಳು. ಅವರು ಒಪ್ಪಿದ್ದಾರೆ. ಅವಳ ತಮ್ಮ ಟೈಲ್ಸ್ ಕೆಲಸದಲ್ಲಿ ಗಳಿಸಿದ್ದರಿಂದ ಸಿಮೆಂಟು, ಕಬ್ಬಿಣಕ್ಕೆ ಅರ್ಧ ಆಗುತ್ತದಂತೆ. ಉಳಿದ ಅರ್ಧಕ್ಕೆ ಎರಡು ಸಂಸ್ಥೆಗಳಿಗೆ ಅರ್ಜಿ ಹಾಕಿದ್ದಾರೆ. ಒಂದರಿಂದ ಉತ್ತರ ಬಂದಿಲ್ಲ. ಇನ್ನೊಂದರವರು ಸಿರಿಯಾದಲ್ಲಿ ಮನೆ ಇದೆ ಅನ್ನುವುದಕ್ಕೆ ಹಕ್ಕುಪತ್ರ ಕೇಳಿದ್ದಾರೆ. ಅದನ್ನು ಹುಡುಕಿ ಕೊಡಿ ಅಂತ ಚಿಕ್ಕಪ್ಪನಿಗೆ ಹೇಳಿದ್ದಾರೆ.